ಅಳಿವೆಗೆಂದೇ ಕಟ್ಟಿದ ರಕ್ಷಣಾ ದೋಣಿ: ನನ್ನ ಅನುಭವ

ಅಳಿವೆ ಬಾಯಲ್ಲಿ ಓಡುವ ರಕ್ಷಣಾ ದೋಣಿಗೆ ವೇಗಕ್ಕಿಂತ ಮೊದಲು ಬೇಕಾದದ್ದು, ಒಳಗೆ ಬಿದ್ದ ನೀರು ಯಾರೂ ಕೈ ಹಾಕದೆ ಹೊರಗೆ ಹೋಗುವುದು. ಅದಕ್ಕೆ ಒಳಗೆ ನಿಲ್ಲುವ ನೆಲ, ಅಂದರೆ ಡೆಕ್, ನೀರಿನ ಮಟ್ಟಕ್ಕಿಂತ ಮೇಲಿರಬೇಕು. ಉಡುಪಿ ಜಿಲ್ಲೆಯ ಗಂಗೊಳ್ಳಿ ಕಡೆಯ ಫೈಬರ್ ಕೆಲಸದವರ ಹತ್ತಿರ, ದೋಣಿ ನಡೆಸುವ ತಾಂಡೇಲರ ಹತ್ತಿರ ನಾನು ಇದನ್ನೇ ಹೇಳುತ್ತ ಬಂದೆ. ಒಪ್ಪಿದವರು ಕಡಿಮೆ. "ಡೆಕ್ ಮೇಲೆ ಏರ್ಸಿರೆ ದೋಣಿ ಮಗ್ಚತ್ ಮಾರ್ರೆ" ಎಂದವರೇ ಹೆಚ್ಚು. ಈಗ ಎರಡು ಮಳೆಗಾಲ, ಹಾಗೆ ನಾನು ಕಟ್ಟಿದ ದೋಣಿ ಗಂಗೊಳ್ಳಿ ಅಳಿವೆಯಲ್ಲೇ ಓಡಿದೆ, ಮಗುಚಿಲ್ಲ. ಹಾಗಾಗಿ ಬರೆಯುವ ಧೈರ್ಯ ಬಂತು.

ಗಂಗೊಳ್ಳಿ ಅಳಿವೆ ಗೊತ್ತಿರುವವರಿಗೆ ಹೆಚ್ಚು ವಿವರಿಸಬೇಕಿಲ್ಲ. ಐದು ಹೊಳೆಗಳ ನೀರು ಪಂಚಗಂಗಾವಳಿಯಾಗಿ ಒಂದೇ ಬಾಯಲ್ಲಿ ಸಮುದ್ರಕ್ಕೆ ಬೀಳುತ್ತದೆ. ಮಳೆಗಾಲದಲ್ಲಿ ಇಳಿತದ ಹೊತ್ತಿಗೆ ಹೊಳೆಯ ಸೆಳೆತ ಹೊರಕ್ಕೆ, ತೆರೆ ಒಳಕ್ಕೆ. ಎರಡೂ ಎದುರಾದ ಕಡೆ ತೆರೆ ಗೋಡೆಯ ಹಾಗೆ ನೆಟ್ಟಗಾಗಿ ಒಡೆಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ದಡದಲ್ಲಿರುತ್ತವೆ. ಆಗ ಕಡಲಿಗೆ ಇಳಿಯುವುದು 10 ಅಶ್ವಶಕ್ತಿಯೊಳಗಿನ ಎಂಜಿನ್ ಕಟ್ಟಿದ ನಾಡದೋಣಿಗಳು ಮಾತ್ರ. ಅಳಿವೆಯಲ್ಲಿ ಸಿಕ್ಕಿಬೀಳುವವೂ ಅವೇ. ಕರಾವಳಿ ಕಾವಲು ಪೊಲೀಸರ 5 ಟನ್, 12 ಟನ್ ಬೋಟುಗಳ ಕೆಲಸವೇ ಬೇರೆ. ಸೊಂಟದಾಳ ನೀರಿನ ಮರಳು ದಿಬ್ಬದ ಮೇಲೆ ಅವನ್ನು ತರಲಾಗುವುದಿಲ್ಲ. ಅಲ್ಲಿಗೆ ಹೋಗಬಲ್ಲ ದೋಣಿ ನಮಗೆ ಬೇಕಿತ್ತು.

ದುಡ್ಡಿನ ವಿಷಯ ಮೊದಲೇ ಹೇಳುತ್ತೇನೆ. ಹಣ ಹಾಕಿದವರು ನಾಡದೋಣಿಯವರು, ನಾಲ್ಕೈದು ಮಂದಿ ವ್ಯಾಪಾರಿಗಳು, ಉಳಿದದ್ದು ನನ್ನ ಕೂಲಿ. ಹಲ್, ಅಂದರೆ ದೋಣಿಯ ಒಡಲು, ಏಳೂವರೆ ಮೀಟರ್ ಉದ್ದ, ಎರಡೂಕಾಲು ಮೀಟರಿನಷ್ಟು ಅಗಲ. ಅದಕ್ಕೆ ಮ್ಯಾಟ್, ರೋವಿಂಗ್ ಎಂಬ ಗಾಜಿನ ನಾರು, ಅದನ್ನು ಗಟ್ಟಿ ಮಾಡುವ ಐಸೋ ರೆಸಿನ್, ಮೇಲಿನ ಹೊಳಪು ಪದರದ ಜೆಲ್‌ಕೋಟ್, ಫೋಮ್ ಎಲ್ಲ ಸೇರಿ ಐದೂವರೆ ಲಕ್ಷದ ಹತ್ತಿರ. 60 ಅಶ್ವಶಕ್ತಿಯ ಎರಡು ಫೋರ್ ಸ್ಟ್ರೋಕ್ ಎಂಜಿನ್ ಹೊಸದಾಗಿ ಕೊಳ್ಳಲು ಹೋದರೆ ಹನ್ನೆರಡು ಲಕ್ಷ ದಾಟುತ್ತಿತ್ತು. ಕಡಿಮೆ ಓಡಿದ ಜೋಡಿಯೊಂದು ಐದು ಲಕ್ಷದ ಆಸುಪಾಸಿಗೆ ಸಿಕ್ಕಿತು. ಬಿಚ್ಚಿ ಕಟ್ಟಲು ಇನ್ನೊಂದು ಎಪ್ಪತ್ತು ಸಾವಿರ. ರೇಡಿಯೋ, ಜಿಪಿಎಸ್, ಸುತ್ತಲ ಹಡಗುಗಳನ್ನು ಪರದೆಯಲ್ಲಿ ತೋರಿಸುವ ಎಐಎಸ್, ದೀಪ, ವೈರಿಂಗ್‌ಗೆ ಎರಡು ಲಕ್ಷ. ಒಟ್ಟು ಹದಿಮೂರೂವರೆ ಲಕ್ಷದೊಳಗೆ ದೋಣಿ ನೀರಿಗಿಳಿಯಿತು. ಇಷ್ಟರಲ್ಲಿ ಇಂಥ ದೋಣಿ ಈ ಕರಾವಳಿಯಲ್ಲಿ ಬೇರೆ ಯಾರಾದರೂ ಇಳಿಸಿದ್ದರೆ ಹೋಗಿ ನೋಡಲು ನನಗೆ ಖುಷಿಯೇ.

ಡೆಕ್ ವಿಷಯಕ್ಕೆ ಬರುತ್ತೇನೆ, ಇಡೀ ದೋಣಿಯ ಜೀವ ಅದರಲ್ಲಿದೆ. ಈ ಅಳತೆಯ ದೋಣಿಗೆ ಒಂದು ಕ್ವಿಂಟಲ್ ಭಾರ ಬಿದ್ದರೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಕೆಳಗಿಳಿಯುತ್ತದೆ. ಎಂಜಿನ್, ತುಂಬಿದ ಟ್ಯಾಂಕ್ ಇಟ್ಟುಕೊಂಡು ನಿಂತಾಗ ಡೆಕ್ ನೀರಿನ ಮಟ್ಟಕ್ಕಿಂತ 12 ಸೆಂಟಿಮೀಟರ್ ಮೇಲಿರುವ ಹಾಗೆ ಹಾಕಿದೆ. ಎಂಟು ಮಂದಿ ಹತ್ತಿದರೂ ಆರು ಸೆಂಟಿಮೀಟರ್ ಉಳಿಯುತ್ತದೆ. ಡೆಕ್ ಕೆಳಗೆ ಉಳಿದ ಜಾಗವನ್ನೆಲ್ಲ ಗೂಡು ಗೂಡಾಗಿ ಕಟ್ಟಿ ಪಿಯು ಫೋಮ್ (ದ್ರವವಾಗಿ ಸುರಿದರೆ ಉಬ್ಬಿ ಗಟ್ಟಿಯಾಗುವ ಪಾಲಿಯುರೆಥೇನ್) ತುಂಬಿದೆ, ಸುಮಾರು 1.4 ಘನ ಮೀಟರ್. ಒಂದು ಘನ ಮೀಟರ್ ಫೋಮಿನ ತೂಕ 35 ಕೆಜಿ. ಸಮುದ್ರದ ನೀರಲ್ಲಿ ಅದು 990 ಕೆಜಿ ಎತ್ತುತ್ತದೆ. ಹಲ್ ಒಡೆದರೂ ದೋಣಿ ತಳ ಕಾಣುವುದಿಲ್ಲ.

ಫೋಮ್ ದುಬಾರಿ, ಥರ್ಮಾಕೋಲ್ ಹಾಕಿ ಎಂದರು ಹಣ ಹಾಕಿದವರು. ಒಂದು ತುಂಡು ಥರ್ಮಾಕೋಲ್ ತಂದು ಅವರೆದುರೇ ರೆಸಿನ್ ಸುರಿದೆ. ರೆಸಿನ್ನಿನಲ್ಲಿರುವ ಸ್ಟೈರೀನ್ ತಾಗಿದಲ್ಲೆಲ್ಲ ಅದು ಚುರ್ರೆಂದು ಕುಗ್ಗಿ, ಅಂಗೈ ದಪ್ಪದ ತುಂಡು ಅಂಟಂಟು ಮುದ್ದೆಯಾಯಿತು. ಮತ್ತೆ ಆ ಮಾತು ಬರಲಿಲ್ಲ. ಆದರೆ ಫೋಮೂ ಸುಲಭಕ್ಕೆ ಕೂರಲಿಲ್ಲ. ಮೊದಲು ಬಂದ ಡ್ರಮ್ ಹಳೆಯ ಸರಕು. ಸುರಿದಾಗ ಚೆನ್ನಾಗಿಯೇ ಉಬ್ಬಿತು, ವಾರ ಕಳೆಯುವಷ್ಟರಲ್ಲಿ ಗೋಡೆ ಬಿಟ್ಟು ಬೆರಳು ತೂರುವಷ್ಟು ಕುಗ್ಗಿತ್ತು. ಆ ಸಂದಿಯಲ್ಲಿ ನೀರು ನಿಂತರೆ ಫೋಮ್ ಹಾಕಿಯೂ ಪ್ರಯೋಜನವಿಲ್ಲ. ಪೂರ್ತಿ ಕೆತ್ತಿ ತೆಗೆದೆವು. ಮಾರಿದವರು ಹಣ ವಾಪಸ್ ಕೊಡಲಿಲ್ಲ, ನಲವತ್ತು ಸಾವಿರ ಹೋಯಿತು. ಆಮೇಲೆ ಪ್ರತಿ ಡ್ರಮ್ಮಿನಿಂದ ಒಂದು ಮಗ್‌ನಷ್ಟು ಸುರಿದು, ವಾರ ಕಾದು, ಅಳತೆ ನೋಡಿಯೇ ತುಂಬಿದ್ದು. ಒಂದೇ ಸಲ ಸುರಿಯದೆ ಗೇಣು ಗೇಣಾಗಿ ಏರಿಸಿದೆ. ಇಲ್ಲವಾದರೆ ಒಳಗೆ ಶಾಖ ಕೂತು ಸುಟ್ಟು ಹೋಗುತ್ತದೆ.

ಬಿದ್ದ ನೀರು ಹೊರಗೆ ಹೋಗಲು ಮೊದಲು ಇದ್ದದ್ದು ಹಿಂಬದಿಯಲ್ಲಿ ನಾಲ್ಕು ಎರಡಿಂಚಿನ ಪೈಪು. ಎಲ್ಲರೂ ಹಾಕುವುದು ಅದನ್ನೇ. ಜೆಟ್ಟಿಗೆ ಕಟ್ಟಿ, ಬಾಡಿಗೆಗೆ ತಂದ ಪಂಪಿನಿಂದ ಡೆಕ್ ಮೇಲೆ ಗೇಣೆತ್ತರ ನೀರು ತುಂಬಿಸಿದೆವು. ಒಂದೂವರೆ ಟನ್ ಆಗುತ್ತದೆ ಅದು. ಖಾಲಿಯಾಗಲು ಐದು ನಿಮಿಷ ದಾಟಿತು. ಅಷ್ಟರಲ್ಲಿ ಒಂದು ಪ್ಲಾಸ್ಟಿಕ್ ಕವರ್ ಪೈಪಿನ ಬಾಯಿಗೆ ಹೋಗಿ ಕೂತಿತು. ಅಳಿವೆಯಲ್ಲಿ ಎರಡನೇ ತೆರೆ ಹತ್ತು ಸೆಕೆಂಡಿನಲ್ಲಿ ಬರುತ್ತದೆ, ಐದು ನಿಮಿಷ ಯಾರು ಕೊಡುತ್ತಾರೆ? ಪೈಪು ಮುಚ್ಚಿಸಿ, ಹಿಂಬದಿಯ ಎರಡೂ ಮೂಲೆಯಲ್ಲಿ 25ಕ್ಕೆ 15 ಸೆಂಟಿಮೀಟರಿನ ಕಿಂಡಿ ಕೊಯ್ದೆ. ಎಂಜಿನ್ ಕೂರುವ ಗೋಡೆ ಸೋಲುತ್ತದೆ ಎಂದು ಕೂಗಾಟವಾಯಿತು. ಒಳಗಡೆ ದಪ್ಪ ಪಟ್ಟಿ ಹಾಕಿ ಮ್ಯಾಟ್ ಹೊದೆಸಿದೆ, ಇವತ್ತಿಗೂ ಒಂದು ಕೂದಲೆಳೆ ಬಿರುಕಿಲ್ಲ. ಕಿಂಡಿಗೆ ಹೊರಗಡೆ ಫ್ಲ್ಯಾಪ್, ಒಳಗಿನ ನೀರು ತಳ್ಳಿದರೆ ತೆರೆಯಬೇಕು, ಹೊರಗಿನದು ತಳ್ಳಿದರೆ ಮುಚ್ಚಬೇಕು. ಸ್ಟೀಲ್ ಕೀಲು ಮರಳು ಸೇರಿ ಹಿಡಿಯಿತು, ಬರೀ ರಬ್ಬರ್ ಶೀಟ್ ಬಿಸಿಲಿಗೆ ಸೆಟೆದುಕೊಂಡಿತು. ಮೂರನೆಯದಾಗಿ ಹಾಕಿದ್ದು ಕೆಲಸ ಮಾಡುತ್ತಿದೆ. ಅದು ಏನು ಎಂಬುದು ಸದ್ಯಕ್ಕೆ ನನ್ನ ಶೆಡ್ಡಿನಲ್ಲೇ ಇರಲಿ. ಅದೇ ಪಂಪು, ಅದೇ ಗೇಣು ನೀರು, ಈಗ ಮುಕ್ಕಾಲು ನಿಮಿಷದೊಳಗೆ ಖಾಲಿ. ದೋಣಿ ಮುಂದಕ್ಕೆ ಓಡುತ್ತಿದ್ದರೆ ಅದಕ್ಕಿಂತ ಬೇಗ.

ಮಗುಚುತ್ತದೆ ಎಂದವರಿಗೆ ಬಾಯಿ ಮಾತಿನ ಉತ್ತರ ಸಾಲದು. ಗಾಳಿಯಿಲ್ಲದ ಬೆಳಿಗ್ಗೆ ಹೊಳೆಯೊಳಗೆ ದೋಣಿ ನಿಲ್ಲಿಸಿ, ಚುಕ್ಕಾಣಿ ಇರುವ ಕನ್ಸೋಲಿನಿಂದ ಒಂದು ಮೀಟರ್ ದಾರಕ್ಕೆ ತೂಕದ ಗುಂಡು ಇಳಿಬಿಟ್ಟೆ. ಐವತ್ತು ಕೆಜಿಯ ಆರು ಮರಳು ಚೀಲ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಒಂದೂವರೆ ಮೀಟರ್ ಚಿಲ್ಲರೆ ದೂರ ಸಾಗಿಸಿದೆವು. ಗುಂಡು ಸರಿದದ್ದು 22-23 ಸೆಂಟಿಮೀಟರ್. ಲೆಕ್ಕ ಹಾಕಿದರೆ ಜಿಎಂ (ವಾಲಿದ ದೋಣಿ ಮತ್ತೆ ನೆಟ್ಟಗಾಗುವ ಗುಣದ ಅಳತೆ) ಒಂದು ಮೀಟರಿಗೆ ಮೇಲೆಯೇ ಬಂತು, ಈ ಅಳತೆಯ ದೋಣಿಗೆ ಅದು ಧಾರಾಳ. ಗುಟ್ಟೇನಿಲ್ಲ: ಡೆಕ್ ಏರಿಸಿದ ಲೆಕ್ಕಕ್ಕೆ ಬ್ಯಾಟರಿ, ಟ್ಯಾಂಕ್, ಲಂಗರು ಮೂರನ್ನೂ ಡೆಕ್ ಕೆಳಗೆ ನಡುಮಧ್ಯಕ್ಕೆ ಇಳಿಸಿದ್ದೆ. ಕೇಳುತ್ತಿದ್ದ ಹಿರಿಯ ತಾಂಡೇಲರೊಬ್ಬರು ಲೆಕ್ಕ ಬಿಟ್ಟು ತಾವೇ ಆರು ಜನರನ್ನು ಒಂದೇ ಅಂಚಿಗೆ ನಿಲ್ಲಿಸಿ ನೋಡಿ ಸುಮ್ಮನಾದರು.

ಎಂಜಿನ್ ಎರಡು ಏಕೆ ಎಂದು ಕೇಳುವವರಿದ್ದಾರೆ. 115 ಅಶ್ವಶಕ್ತಿಯ ಒಂದೇ ಎಂಜಿನ್ ಹಾಕಿದ್ದರೆ ತೂಕ ಉಳಿಯುತ್ತಿತ್ತು, ಪೆಟ್ರೋಲೂ ಉಳಿಯುತ್ತಿತ್ತು. ಆದರೆ ಮಗುಚಿದ ದೋಣಿಯ ಸುತ್ತ ಬಲೆ, ಹಗ್ಗ ಹರಡಿರುತ್ತದೆ. ಒಂದು ಪ್ರೊಪೆಲ್ಲರಿಗೆ ಸುತ್ತಿದರೆ ಇನ್ನೊಂದರಲ್ಲಿ ಹೊರಬರಬೇಕು. ಎರಡೂ ಓಡಿದರೆ ಹಗುರ ದೋಣಿಗೆ 25 ನಾಟ್ ಬರುತ್ತದೆ, ಒಂದರಲ್ಲಿ ಹತ್ತು-ಹನ್ನೊಂದು. ಒಂದೇ ಎಂಜಿನ್ನಿನಲ್ಲಿ ಅಷ್ಟು ಬರಲು ಪ್ರೊಪೆಲ್ಲರಿನ ಪಿಚ್ (ಎಲೆಗಳ ಓರೆಯ ಅಳತೆ) ಯಾವುದು ಹಾಕಿದೆ ಎಂದು ಬಂದು ಕೇಳಿದವರಿಗೆ ಹೇಳುತ್ತೇನೆ, ಇಲ್ಲಿ ಬೇಡ. ಎರಡಕ್ಕೂ ಟ್ಯಾಂಕ್ ಬೇರೆ, ಫಿಲ್ಟರ್ ಬೇರೆ, ಬ್ಯಾಟರಿ ಬೇರೆ. ಟ್ಯಾಂಕ್ ಒಂದೇ ಇದ್ದರೆ ಎಂಜಿನ್ ಎರಡಿದ್ದೂ ಒಂದೇ ಲೆಕ್ಕ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಸೇರಿದೆ, ಕಡಲ ಹವೆಯ ತೇವ ಹೀರುತ್ತದೆ. ಮಿತಿ ಮೀರಿದರೆ ನೀರೂ ಎಥನಾಲೂ ಒಟ್ಟಾಗಿ ತಳಕ್ಕಿಳಿದು ಕೂರುತ್ತವೆ. ಒಂದು ಬೆಳಿಗ್ಗೆ ಎಡಗಡೆ ಎಂಜಿನ್ ಕೆಮ್ಮಿ ನಿಂತಿತು. ಫಿಲ್ಟರಿನ ಪಾರದರ್ಶಕ ಬಟ್ಟಲಲ್ಲಿ ಗೆರೆ ಎಳೆದ ಹಾಗೆ ಎರಡು ಪದರ ಕಾಣುತ್ತಿತ್ತು. ಅವತ್ತಿನಿಂದ ಟ್ಯಾಂಕ್ ಅರೆ ಖಾಲಿ ಬಿಡುವುದಿಲ್ಲ, ಮೂರು ವಾರಕ್ಕಿಂತ ಹಳೆಯ ಪೆಟ್ರೋಲನ್ನು ಯಾರದಾದರೂ ಬೈಕಿಗೆ ಸುರಿಯುತ್ತೇವೆ.

ಪ್ರೊಪೆಲ್ಲರ್ ಸುತ್ತ ಕಾವಲು ಬಳೆ ಹಾಕಿಯೂ ನೋಡಿದೆ, ನೀರಿನಲ್ಲಿರುವ ಮನುಷ್ಯನ ಕಾಲಿಗೆ ಅಪಾಯವಾಗಬಾರದೆಂದು. ಐದಾರು ನಾಟ್ ವೇಗ ಹೋಯಿತು, ಬಳೆಯೊಳಗೆ ಬಲೆಯ ಚೂರು ಸಿಕ್ಕಿಕೊಂಡು ತೆಗೆಯಲು ಇನ್ನೂ ಕಷ್ಟ. ಬಿಚ್ಚಿಟ್ಟೆ, ಹನ್ನೆರಡು ಸಾವಿರ ಮೂಲೆಗೆ ಬಿತ್ತು. ಈಗ ಮನುಷ್ಯ ಅಂಚಿಗೆ ಬಂದ ಕೂಡಲೇ ಎಂಜಿನ್ ನ್ಯೂಟ್ರಲ್, ಕೈ ತಾಗಿದ ಕೂಡಲೇ ಆ ಬದಿಯ ಎಂಜಿನ್ ಬಂದ್. ನಡೆಸುವವನ ಸೊಂಟಕ್ಕೆ ಕಿಲ್ ಸ್ವಿಚ್ಚಿನ ಬಳ್ಳಿ (ಕಿತ್ತರೆ ಎಂಜಿನ್ ನಿಲ್ಲುವಂಥದು) ಇಲ್ಲದೆ ಜೆಟ್ಟಿ ಬಿಡುವಂತಿಲ್ಲ.

ವೈರಿಂಗಿನಲ್ಲಿ ತಿಂಗಳುಗಟ್ಟಲೆ ಕಾಡಿದ್ದು ರೇಡಿಯೋ. 25 ವ್ಯಾಟಿನ ವಿಎಚ್‌ಎಫ್, ಕೇಳಿಸುವುದು ಚೆನ್ನಾಗಿ ಕೇಳಿಸುತ್ತದೆ, ಮಾತಾಡಲು ಮೈಕ್ ಒತ್ತಿದರೆ ಸೆಟ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಮೂವರು ಸೆಟ್ಟೇ ಹಾಳು ಎಂದರು, ಹೊಸದು ತಗೊಳ್ಳಿ ಎಂದರು. ಮೀಟರ್ ಇಟ್ಟು ನೋಡಿದರೆ ಬ್ಯಾಟರಿಯಲ್ಲಿ 12.6 ವೋಲ್ಟ್, ಮೈಕ್ ಒತ್ತಿದಾಗ ಸೆಟ್ಟಿನ ಹತ್ತಿರ 10.7. ಒತ್ತಿದಾಗ ಐದಾರು ಆಂಪಿಯರ್ ಎಳೆಯುವ ಸೆಟ್ಟಿಗೆ ವೈರಿಂಗ್ ಗುತ್ತಿಗೆಯವನು ಎಳೆದದ್ದು ಮನೆಯ ಒಂದು ಚದರ ಮಿಲಿಮೀಟರ್ ವೈರು. ಸುಲಿದು ನೋಡಿದರೆ ತಾಮ್ರ ಒಳಗೆ ಒಂದು ಗೇಣಿನವರೆಗೂ ಕಪ್ಪಾಗಿತ್ತು. ತವರ ಲೇಪಿಸಿದ ನಾಲ್ಕು ಚದರ ಮಿಲಿಮೀಟರಿನ ಕೇಬಲ್ ಹಾಕಿ, ಒತ್ತಿ ಕೂರಿಸಿದ ಜೋಡಣೆಯ (ಕ್ರಿಂಪ್) ಮೇಲೆ, ಬಿಸಿಗೆ ಬಿಗಿಯುವ, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಕೊಳವೆ ಎಳೆದೆ. ನಾಲ್ಕು ಸಾವಿರದಲ್ಲಿ ಮುಗಿಯಿತು. ಆಂಟೆನಾ ಕಂಬವನ್ನೂ ಮೂರು ಮೀಟರಿಗೆ ಏರಿಸಿದೆ. ವಿಎಚ್‌ಎಫ್‌ಗೆ ವ್ಯಾಟಿಗಿಂತ ಎತ್ತರ ದೊಡ್ಡದು. ಲೈಸೆನ್ಸ್ ಮಾಡಿಸಿ 419ರಿಂದ ಶುರುವಾಗುವ, ದೋಣಿಯ ರೇಡಿಯೋ ಗುರುತಾದ ಎಂಎಂಎಸ್‌ಐ ನಂಬರ್ ಸೆಟ್ಟಿಗೆ ತುಂಬಿಸಿದ್ದೇವೆ. ಅಪಾಯದ ಕರೆಯ ಚಾನೆಲ್ 16 ಯಾವಾಗಲೂ ಕಿವಿಯ ಮೇಲೆ, ಗುಂಡಿ ಒತ್ತಿ ಕಳಿಸುವ ಡಿಜಿಟಲ್ ಕರೆ ಡಿಎಸ್‌ಸಿ 70ರಲ್ಲಿ. ಕೋಸ್ಟ್ ಗಾರ್ಡಿನ 1554, ಕರಾವಳಿ ಪೊಲೀಸರ 1093, ಎರಡೂ ನಂಬರ್ ಕನ್ಸೋಲಿನ ಮೇಲೆ ಬರೆದಿದೆ. ದೋಣಿಯೊಳಗಿನ ನೀರು ಹೊರಹಾಕುವ ಪಂಪನ್ನು ಮಾತ್ರ ಮುಖ್ಯ ಸ್ವಿಚ್ಚಿಗೆ ಸೇರಿಸದೆ ನೇರ ಬ್ಯಾಟರಿಗೆ, ನಡುವೆ ಫ್ಯೂಸ್ ಇಟ್ಟು ಕೊಟ್ಟಿದ್ದೇನೆ. ದೋಣಿ ಕಟ್ಟಿಟ್ಟು ಎಲ್ಲರೂ ಮಲಗಿದಾಗಲೂ ಅದು ಎಚ್ಚರವಿರಬೇಕು.

ದೀಪದ್ದು ಬೇರೆಯೇ ಕಥೆ. ಒಳ್ಳೆಯ ಬೆಳಕಿನ, ಕಡಿಮೆ ಬೆಲೆಯ ಎಲ್‌ಇಡಿ ಸರ್ಚ್‌ಲೈಟ್ ಹಾಕಿದೆವು. ಹಚ್ಚಿದ ಕೂಡಲೇ 16ರಲ್ಲಿ ಬರೀ ಸರ್ ಎಂಬ ಶಬ್ದ, ಎಐಎಸ್ ಪರದೆಯಲ್ಲಿ ಹಡಗುಗಳು ಒಂದೊಂದಾಗಿ ಮಾಯ. ದೀಪದೊಳಗಿನ ಡ್ರೈವರ್ ಸರ್ಕ್ಯೂಟ್ ಎಬ್ಬಿಸುವ ಗಲಾಟೆ ಅದು. ಆ ಗಲಾಟೆ ತಗ್ಗಿಸುವ ಫೆರೈಟ್ ಬಳೆ ಕೇಬಲ್ಲಿಗೆ ಹಾಕಿದರೂ ಅರ್ಧ ಮಾತ್ರ ಇಳಿಯಿತು. ಕೊನೆಗೆ ದೀಪ ಬದಲಿಸಿ, ಕೇಬಲ್ಲನ್ನು ಆಂಟೆನಾ ಕೇಬಲ್ಲಿನ ಎದುರು ಬದಿಯಿಂದ ಎಳೆದ ಮೇಲೆ ಸರಿಹೋಯಿತು. ಜೊತೆಗೆ ದೋಣಿಯ ಮುಂಭಾಗದ ಬಿಳಿ ಜೆಲ್‌ಕೋಟಿಗೆ ಮಂಕು ಬೂದು ಬಣ್ಣ ಬಳಿದೆ. ಬಿಳಿಯಲ್ಲಿ ಬೆಳಕು ತಿರುಗಿ ಕಣ್ಣಿಗೇ ಹೊಡೆದು, ಮುಂದೆ ನೀರಿನಲ್ಲಿರುವ ತಲೆ ಕಾಣುತ್ತಿರಲಿಲ್ಲ. ಐನೂರು ರೂಪಾಯಿ ಬಣ್ಣ ದೀಪಕ್ಕಿಂತ ಹೆಚ್ಚು ಉಪಕಾರ ಮಾಡಿದೆ.

ಜನರನ್ನು ಮೇಲೆತ್ತುವುದು ನನಗೆ ಅತ್ಯಂತ ತೃಪ್ತಿ ಕೊಟ್ಟ ಕೆಲಸ. ಒದ್ದೆ ಬಟ್ಟೆಯ ಸುಸ್ತಾದ ಮನುಷ್ಯನನ್ನು ರಟ್ಟೆ ಹಿಡಿದು ಅಂಚಿನ ಮೇಲೆ ಎಳೆಯಲು ಮೂವರು ಬೇಕು, ಮೂವರೂ ಒಂದೇ ಬದಿಗೆ ಬಾಗಿದರೆ ದೋಣಿಯೂ ಬಾಗುತ್ತದೆ. ಹಳೆಯ ಟ್ರಾಲ್ ಬಲೆಯ ಎರಡು ಮೀಟರ್ ತುಂಡಿಗೆ ಅಡ್ಡಡ್ಡ ಪಿವಿಸಿ ಪೈಪು ಪೋಣಿಸಿ, ಒಂದು ಅಂಚನ್ನು ದೋಣಿಯ ಅಂಚಿಗೆ ಬಿಗಿದು, ಇನ್ನೊಂದು ಅಂಚಿಗೆ ಎರಡು ಹಗ್ಗ ಕಟ್ಟಿದೆ. ಬಲೆ ನೀರಿಗೆ ಬಿಟ್ಟು, ಮನುಷ್ಯ ಅದರೊಳಗೆ ಬಂದ ಮೇಲೆ ಹಗ್ಗ ಎಳೆದರೆ ಅವನು ಮಲಗಿದ ಹಾಗೆಯೇ ಉರುಳಿ ಒಳಗೆ ಬರುತ್ತಾನೆ. ಭಾರ ಅರ್ಧದಷ್ಟೇ ಕೈಗೆ ಬರುತ್ತದೆ, ಇಬ್ಬರು ಸಾಕು. ತುಂಬ ಹೊತ್ತು ತಣ್ಣೀರಿನಲ್ಲಿದ್ದವನನ್ನು ನಿಂತ ಹಾಗೆ ಎತ್ತಿದರೆ ರಕ್ತದೊತ್ತಡ ಕುಸಿಯುವ ಭಯವಿದೆ, ಮಲಗಿಸಿ ಎತ್ತಿದರೆ ಅದು ಕಡಿಮೆ. ಟ್ರಾಲ್ ಬಲೆ ಪ್ರಯೋಗಕ್ಕೆ ಮಲಗಿದ ಹುಡುಗನ ಬೆನ್ನಿಗೆ ಬರೆ ಎಳೆಯಿತು, ಹಾಗಾಗಿ ಈಗ ಅಗಲ ಪಟ್ಟಿಯ ವೆಬ್ಬಿಂಗ್ ಹೆಣೆದಿದ್ದೇವೆ. ಜಾಗ ಕನ್ಸೋಲಿನ ಪಕ್ಕ, ಪ್ರೊಪೆಲ್ಲರಿನಿಂದ ಆದಷ್ಟು ಮುಂದೆ.

ಕಳೆದ ಮಳೆಗಾಲ ದಿಬ್ಬದ ಮೇಲೆ ಒಂದು ನಾಡದೋಣಿ ಮಗುಚಿದಾಗ ಹೋದದ್ದು ಇದೇ ದೋಣಿ. ಒಳಹೋಗುವಾಗ ಎರಡು ತೆರೆ ಪೂರ್ತಿ ಮೇಲೆ ಬಿದ್ದವು. ಎರಡನೆಯದು ಬಿದ್ದಾಗ ಮೊಣಕಾಲಿನವರೆಗೆ ನೀರು; ನಡೆಸುವವನು ತೆರೆಗೆ ಮೂತಿ ಕೊಟ್ಟು ಎಂಜಿನ್ನಿನ ವೇಗ ಇಳಿಸದೆ ಹಿಡಿದ. ಫ್ಲ್ಯಾಪ್ ಬಡಿಯುವ ಸದ್ದು ಕೇಳುತ್ತಿತ್ತು, ಡೆಕ್ ಕಂಡಿತು. ನೀರಿನಲ್ಲಿದ್ದ ಮೂವರನ್ನೂ ಬಲೆಯಲ್ಲೇ ಒಳಗೆ ತೆಗೆದರು. ಬಲಗಡೆ ಎಂಜಿನ್ನಿಗೆ ಹಗ್ಗ ಸುತ್ತಿತು, ಎಡಗಡೆಯದರಲ್ಲಿ ವಾಪಸ್ ಬಂದರು. ಮಗುಚುತ್ತದೆ ಎಂದಿದ್ದ ಇಬ್ಬರು ಮರುವಾರ ಶೆಡ್ಡಿಗೆ ಬಂದು ಕಿಂಡಿಯ ಅಳತೆ ಬರೆದುಕೊಂಡು ಹೋದರು.

ತಿಂಗಳ ಖರ್ಚು, ಓಟ ಇಲ್ಲದಿದ್ದರೂ, ಏಳೆಂಟು ಸಾವಿರ ಇದ್ದೇ ಇದೆ: ಪೆಟ್ರೋಲ್, ಎಂಜಿನ್ ತುಕ್ಕು ತಡೆಯುವ ಜಿಂಕ್ ತುಂಡು, ಸಿಹಿನೀರಿನಲ್ಲಿ ಎಂಜಿನ್ ತೊಳೆಯುವುದು, ಫಿಲ್ಟರ್. 304 ಸ್ಟೀಲ್ ಹಾಕಿದ ಬೋಲ್ಟುಗಳೆಲ್ಲ ಕಂದು ಬಣ್ಣಕ್ಕೆ ತಿರುಗಿವೆ, ಒಂದೊಂದಾಗಿ, ಉಪ್ಪುನೀರನ್ನು ಹೆಚ್ಚು ತಾಳುವ 316ಕ್ಕೆ ಬದಲಿಸುತ್ತಿದ್ದೇನೆ. ಮೌಲ್ಡ್ ಹಾಗೇ ಇದೆ. ಕಟ್ಟಬೇಕೆನ್ನುವವರು ಬಂದು ಅಳತೆ ತೆಗೆದುಕೊಳ್ಳಬಹುದು, ಅದಕ್ಕೆ ದುಡ್ಡು ಬೇಡ. ಫ್ಲ್ಯಾಪ್ ಮಾತ್ರ ನಾನೇ ಮಾಡಿಕೊಡುತ್ತೇನೆ, ಜೋಡಿಗೆ ಮೂರು ಸಾವಿರ.