ಹತ್ತು ಸೆಕೆಂಡಿಗೊಂದು ಗುರುತು

"ಪಾಠ ನೋಡಿ ಅಂಕಿ ಬರೀತೀರಾ? ಇದೇನು ಕ್ರಿಕೆಟ್ ಸ್ಕೋರಾ?" ಎಂದು ಕೇಳಿದ್ದ ಸಹೋದ್ಯೋಗಿಗಳೇ ಈಗ, ತರಗತಿಯಲ್ಲಿ ಕೂತು ಯಾರು ಎಷ್ಟು ಮಾತಾಡಿದರು ಎಂದು ನಾನು ಗುರುತು ಹಾಕುವ ಹಾಳೆಯ ಝೆರಾಕ್ಸ್ ಕೇಳುತ್ತಿದ್ದಾರೆ. ಖುಷಿಯಾಗದೆ ಇರುತ್ತಾ?

ಮುಂಬೈನ ಒಂದು ಕನ್ನಡ ಶಾಲೆ. ಐದನೇ ತರಗತಿ, ಸುಮಾರು 30 ಮಕ್ಕಳು. ಜಾಸ್ತಿ ಮಂದಿಯ ಮನೆತನ ಕಲಬುರಗಿ, ಯಾದಗಿರಿ ಕಡೆಯದು.

ಮೊದಲು ಕ್ಯಾಮೆರಾಕ್ಕೆ ಹತ್ತಿರಹತ್ತಿರ 14 ಸಾವಿರ ಸುರಿದೆ. ನಾಲ್ಕು ದಿನ ಮಕ್ಕಳು ಅದರತ್ತ ಹಲ್ಲು ಕಿರಿದರು. ಟೀಚರ್ ವಾರ್ಷಿಕೋತ್ಸವದ ದನಿಯಲ್ಲಿ ಪಾಠ ಮಾಡಿದರು. ಫ್ಯಾನು, ಲೋಕಲ್ ರೈಲಿನ ಸದ್ದು ಬಿಟ್ಟು ಬೇರೇನೂ ಸರಿಯಾಗಿ ಕೇಳಲಿಲ್ಲ. 6 ಸಾವಿರಕ್ಕೆ ಮಾರಿದೆ.

ಆಮೇಲೆ ನೋಟ್‌ಬುಕ್ಕು. "ಈ ಹುಡುಗನಿಗೆ ಆಸಕ್ತಿ ಇಲ್ಲ" ಎಂದು ಬರೆದಿದ್ದೆ. ಅದು ನಾನು ನೋಡಿದ್ದಲ್ಲ, ಕೊಟ್ಟ ತೀರ್ಪು. ನೋಡಿದ್ದು ಇಷ್ಟೇ: ಕಿಟಕಿ ಕಡೆ ನೋಡಿದ, ಪಕ್ಕದವನ ಹತ್ತಿರ ಪ್ರಶ್ನೆಯ ಅರ್ಥವನ್ನು ಮರಾಠಿಯಲ್ಲಿ ಕೇಳಿದ. ಆ ಪುಟ ಈಗಲೂ ಇಟ್ಟುಕೊಂಡಿದ್ದೇನೆ.

ತರಗತಿಯಲ್ಲಿ ಟೀಚರ್, ಮಕ್ಕಳು ಆಡುವ ಮಾತನ್ನು ಬಗೆಬಗೆಯಾಗಿ ವಿಂಗಡಿಸಿ ಗುರುತು ಹಾಕುವ ಫ್ಲಾಂಡರ್ಸ್ ಪದ್ಧತಿಯನ್ನೂ ಇದ್ದ ಹಾಗೇ ತಂದೆ. 10 ವಿಭಾಗ, 3 ಸೆಕೆಂಡಿಗೊಂದು ಗುರುತು. ಅರ್ಧ ಗಂಟೆಯಲ್ಲಿ ಕೈ ಸೋತಿತು, ತಲೆ ಎತ್ತಿ ಮಕ್ಕಳನ್ನು ನೋಡಲೂ ಆಗಲಿಲ್ಲ. 6 ವಿಭಾಗಕ್ಕೆ ಇಳಿಸಿದೆ, 10 ಸೆಕೆಂಡಿಗೊಮ್ಮೆ ಜೇಬಿನ ಫೋನು ನಡುಗುವ ಹಾಗೆ ಮಾಡಿದೆ. 35 ನಿಮಿಷಕ್ಕೆ 210 ಗುರುತು.

ಗೆದ್ದದ್ದು ಜೋಡಿಯಿಂದ. ಡೊಂಬಿವಲಿಯ ಗೆಳತಿ ಒಂದು ಮೂಲೆ, ನಾನು ಇನ್ನೊಂದು. ಒಂದೇ ಪಾಠಕ್ಕೆ ಇಬ್ಬರೂ ಹಾಕಿದ ಗುರುತುಗಳಲ್ಲಿ ಮೊದಲ ದಿನ ನೂರಕ್ಕೆ 55ರಷ್ಟೇ ಹೊಂದಿಕೆ. "ಅರ್ಥ ಆಯ್ತಾ?" ಅನ್ನೋದು ಪ್ರಶ್ನೆಯೋ ಅಲ್ಲವೋ ಎಂದು ಸ್ಟೇಷನ್ನಿನ ತನಕ ಜಗಳ. ಉತ್ತರಕ್ಕೆ ಕಾಯದಿದ್ದರೆ ಅದು ಪ್ರಶ್ನೆಯಲ್ಲ, ಬರೀ ಮಾತು ಎಂದು ತೀರ್ಮಾನಿಸಿದೆವು. ಮೂರು ವಾರದಲ್ಲಿ 85 ದಾಟಿತು. ಅನುಮಾನಪಟ್ಟವರು ಸುಮ್ಮನಾದದ್ದು ಅಲ್ಲಿ.

ಮಕ್ಕಳು ನಮ್ಮನ್ನು ಮರೆಯುವಂತೆ ಮೊದಲೆರಡು ದಿನ ಏನು ಮಾಡುತ್ತೇವೆ ಅನ್ನೋದು ಸದ್ಯಕ್ಕೆ ನಮ್ಮಲ್ಲೇ ಇರಲಿ.

"ನನ್ನ ಮಕ್ಕಳು ಬಾಯೇ ಬಿಡಲ್ಲ ಮೇಡಂ" ಅನ್ನುತ್ತಿದ್ದ ಟೀಚರ್‌ಗೆ ಹಾಳೆ ತೋರಿಸಿದೆ. 210ರಲ್ಲಿ ಸುಮಾರು 150 ಅವರದೇ ಮಾತು. ಪ್ರಶ್ನೆ ಕೇಳಿ ಒಂದು ಸೆಕೆಂಡೂ ಕಾಯುತ್ತಿರಲಿಲ್ಲ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1974ರಲ್ಲಿ ಬರೆದದ್ದೂ ಇದನ್ನೇ ಅಲ್ವಾ? ಟೀಚರ್ ಮನಸ್ಸಲ್ಲೇ ಮೂರು ಎಣಿಸತೊಡಗಿದರು. ಒಂದು ವಾರಕ್ಕೆ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು ಪೂರ್ತಿ ವಾಕ್ಯ ಹೇಳಿದಳು. ನನ್ನ ಕೈ ಗುರುತು ಹಾಕೋದನ್ನೇ ಮರೆಯಿತು.

ನಡುವೆ ಬೆಂಚುಗಳ ನಕ್ಷೆಯನ್ನೂ ಬರೆದೆ. ಪ್ರಶ್ನೆಗಳೆಲ್ಲ ಮುಂದಿನ ಸಾಲಿಗೆ, ನಡುವಿನ ಸಾಲಿಗೆ. ಮಕ್ಕಳ ಜಾಗ ಬದಲಿಸಿದರೂ ಪ್ರಶ್ನೆ ಅದೇ ಬೆಂಚುಗಳಿಗೇ ಹೋಯಿತು!

ಗುಂಪು ಕೆಲಸಕ್ಕೆ ಮಾತ್ರ ಈ ಹಾಳೆ ಸಾಲದು. ಆರು ಮಕ್ಕಳು ಒಟ್ಟಿಗೆ ಮಾತಾಡಿದರೆ ಯಾರದನ್ನು ಗುರುತಿಸೋದು? ಈಗ ಒಂದೊಂದು ಮಗುವನ್ನು ಎರಡೆರಡು ನಿಮಿಷ ನೋಡುತ್ತಿದ್ದೇವೆ.