ಸಣ್ಣ ರಾಜ್ಯ, ದೊಡ್ಡ ನೆರೆಕರೆ: ಕ್ರುಸೇಡರ್ ಕಿಂಗ್ಸ್ 3ರಲ್ಲಿ ಬದುಕಿ ಉಳಿಯುವುದು ಹೇಗೆ?

ಆಟಿ ತಿಂಗಳ ಮಳೆ. ಅಡಿಕೆಗೆ ಎರಡನೇ ಸಲದ ಮದ್ದು ಬಿಡಬೇಕು, ಮಳೆ ಬಿಡುವುದಿಲ್ಲ. ಶಾಲೆಗೂ ರಜೆ. ಕಾಸರಗೋಡಿನ ನಮ್ಮ ಮನೆಯ ಜಗಲಿಯಲ್ಲಿ ಸುಮ್ನೆ ಕೂತಿದ್ದಾಗ ಅಕ್ಕನ ಮಗ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. "ಮಾವ, ನನ್ನ ರಾಜ್ಯ ಮತ್ತೆ ಹೋಯಿತು" ಎಂದ. ಅದು ಅವನ ನಾಲ್ಕನೇ ರಾಜ್ಯ. ನಾಲ್ಕರಲ್ಲೂ ಮಾಡಿದ್ದು ಒಂದೇ ಕೆಲಸ. ಗೇಮ್ ಶುರುವಾದ ಕೂಡಲೇ ಪಕ್ಕದವನ ಮೇಲೆ ಯುದ್ಧ.

ಕ್ರುಸೇಡರ್ ಕಿಂಗ್ಸ್ 3 ಸ್ವೀಡನ್ನಿನ ಪ್ಯಾರಾಡಾಕ್ಸ್ ಕಂಪೆನಿಯ ಗೇಮ್. 2020ರ ಸೆಪ್ಟೆಂಬರಿನಲ್ಲಿ ಬಂದದ್ದು. 867, 1066 ಅಥವಾ 1178ನೇ ಇಸವಿಯಿಂದ ಆಟ ಶುರು ಮಾಡಬಹುದು, 1453ಕ್ಕೆ ಮುಗಿಯುತ್ತದೆ. ಇದರಲ್ಲಿ ನೀವು ಒಂದು ದೇಶ ಅಲ್ಲ, ಒಬ್ಬ ಮನುಷ್ಯ. ಸತ್ತರೆ ನಿಮ್ಮ ವಾರಸುದಾರನಾಗಿ ಆಡುತ್ತೀರಿ. ಅವನು ಸತ್ತರೆ ಅವನ ಮಗ. ಹಾಗಾಗಿ ಸಣ್ಣ ರಾಜನ ಕೆಲಸ ಗೆಲ್ಲುವುದಲ್ಲ. ಮನೆತನವನ್ನೂ ಕಾಲಡಿಯ ನೆಲವನ್ನೂ ಉಳಿಸಿಕೊಳ್ಳುವುದು.

ಈ ವಿದ್ಯೆಯಲ್ಲಿ ನಮ್ಮ ತುಳುನಾಡಿನ ಆಳುಪರಿಗಿಂತ ಗಟ್ಟಿಗರನ್ನು ನಾನು ಕಾಣೆ. ಸುಮಾರು 450ರ ಹಲ್ಮಿಡಿ ಶಾಸನದಲ್ಲೇ ಅವರ ಹೆಸರಿದೆ. 14ನೇ ಶತಮಾನದಲ್ಲೂ ಬಾರ್ಕೂರಿನಲ್ಲಿ ಇದ್ದರು. ಆ ನಡುವೆ ಘಟ್ಟದ ಮೇಲೆ ಕದಂಬರು ಹೋದರು, ಬಾದಾಮಿ ಚಾಲುಕ್ಯರು ಹೋದರು, ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು ಎಲ್ಲ ಹೋದರು. ಕರಾವಳಿಯ ಈ ಸಣ್ಣ ಅರಸರು ಇದ್ದೇ ಇದ್ದರು. ಇವರನ್ನು ನುಂಗುವುದಕ್ಕಿಂತ ಇಟ್ಟುಕೊಳ್ಳುವುದೇ ಲಾಭ ಎಂದು ದೊಡ್ಡವರಿಗೆ ಅನಿಸುತ್ತಿತ್ತು. ಗೇಮಿನಲ್ಲೂ ನಾವು ಮಾಡಬೇಕಾದ್ದು ಇದನ್ನೇ.

ಮೊದಲು ಗೇಮ್ ನಿಲ್ಲಿಸಿ

ಸ್ಪೇಸ್ ಬಾರ್ ಒತ್ತಿ. ಪಾಜ್ ಆಗುತ್ತದೆ. ಮೊದಲ ಅರ್ಧ ಗಂಟೆ ದಿನ ಮುಂದೆ ಹೋಗುವುದೇ ಬೇಡ. ಅಕ್ಕಪಕ್ಕದ ಒಬ್ಬೊಬ್ಬ ರಾಜನ ಮೇಲೂ ಕ್ಲಿಕ್ ಮಾಡಿ ನೋಡಿ. ಎಷ್ಟು ಸೈನ್ಯ ಇದೆ, ವಯಸ್ಸೆಷ್ಟು, ವಾರಸುದಾರ ದೊಡ್ಡವನೋ ತೊಟ್ಟಿಲಲ್ಲಿರುವವನೋ, ನೆಂಟರು ಯಾರು, ಈಗ ಯಾರ ಜೊತೆ ಜಗಳ. 65 ವರ್ಷದ ಬಲಶಾಲಿಗಿಂತ 20 ವರ್ಷದ ಸಾಧಾರಣ ರಾಜನಿಗೆ ನಾನು ಜಾಸ್ತಿ ಹೆದರುತ್ತೇನೆ. ಮುದುಕ ಸತ್ತರೆ ಅವನ ಮಕ್ಕಳೇ ಹೊಡೆದಾಡಿಕೊಳ್ಳುತ್ತಾರೆ. ಹುಡುಗ 40 ವರ್ಷ ನಮ್ಮ ಬೇಲಿ ಪಕ್ಕದಲ್ಲೇ ಇರುತ್ತಾನೆ.

ಹೊಸಬರು 1066ರ ಐರ್ಲೆಂಡ್ ಆರಿಸಿ. ಗೇಮ್ ತಾನೇ ಪಾಠ ಹೇಳಿಕೊಡುವುದು ಅಲ್ಲಿನ ಮನ್‌ಸ್ಟರ್ ರಾಜನನ್ನು ಹಿಡಿದುಕೊಂಡು. ದ್ವೀಪದಲ್ಲಿ ಎಲ್ಲರೂ ಪುಡಿ ರಾಜರೇ. ಸಮುದ್ರದಾಚೆ ಇಂಗ್ಲೆಂಡಿನ ಸಿಂಹಾಸನಕ್ಕೆ ಹೆರಾಲ್ಡ್, ನಾರ್ಮಂಡಿಯ ವಿಲಿಯಂ, ನಾರ್ವೆಯ ಹರಾಲ್ಡ್ ಮೂವರೂ ಬಡಿದಾಡುತ್ತಿರುತ್ತಾರೆ. ಗೆದ್ದವನು ಉಸಿರು ತೆಗೆದುಕೊಂಡು ಐರ್ಲೆಂಡಿನ ಕಡೆ ತಿರುಗುವವರೆಗೆ ನಿಮಗೆ ಸಮಯ. ಮ್ಯಾಪಿನಲ್ಲಿ ನಮ್ಮ ದಕ್ಷಿಣವೂ ಇದೆ. ಆದರೆ 1066ರಲ್ಲಿ ಅಲ್ಲಿರುವುದು ಕಲ್ಯಾಣದ ಚಾಲುಕ್ಯರು ಮತ್ತು ಚೋಳರು. ಆ ಎರಡು ಆನೆಗಳ ಕಾಲಡಿ ಆಡುವುದನ್ನು ಎರಡನೇ ಸಲಕ್ಕೆ ಇಟ್ಟುಕೊಳ್ಳಿ.

ಸೈನ್ಯಕ್ಕಿಂತ ಮೊದಲು ಸಂಬಂಧ

ಸಣ್ಣ ರಾಜನ ಹತ್ತಿರ ಹಣ ಇಲ್ಲ, ಜನ ಇಲ್ಲ. ಇರುವುದು ಮದುವೆಗೆ ಬಂದ ಮಕ್ಕಳು, ತಮ್ಮಂದಿರು, ತಂಗಿಯರು. ಹತ್ತಿರದ ರಕ್ತಸಂಬಂಧಿಗಳ ಮದುವೆಯಾದರೆ ಎರಡು ಮನೆಗಳ ನಡುವೆ ಮೈತ್ರಿ ಆಗುತ್ತದೆ. ಆಗ ನಿಮ್ಮ ಮೇಲೆ ಯಾರಾದರೂ ಬಂದರೆ ಬೀಗರನ್ನು ಕರೆಯಬಹುದು. ಕಂಪ್ಯೂಟರ್ ಆಡಿಸುವ ರಾಜರೂ ಯುದ್ಧ ಸಾರುವ ಮೊದಲು ಲೆಕ್ಕ ಹಾಕುತ್ತಾರೆ. ನಿಮ್ಮ 600 ಜನರ ಹಿಂದೆ ಬೀಗರ 3000 ಕಂಡರೆ ಬೇರೆ ಮನೆಯ ಬಾಗಿಲು ಹುಡುಕುತ್ತಾರೆ.

ಗೇಮಿನವರು ಇದನ್ನು ಕನಸು ಕಂಡು ಬರೆದದ್ದಲ್ಲ. ಬಾದಾಮಿ ಚಾಲುಕ್ಯರ ಕುಂಕುಮ ಮಹಾದೇವಿ ಆಳುಪ ಚಿತ್ರವಾಹನನ ರಾಣಿಯಾಗಿ ಬಂದಳು. ಆರು ನೂರು ವರ್ಷ ಕಳೆದ ಮೇಲೆ ಆಳುಪರ ಮನೆಮಗಳು ಚಿಕ್ಕಾಯಿ ತಾಯಿ ಹೊಯ್ಸಳ ಮೂರನೇ ವೀರಬಲ್ಲಾಳನ ರಾಣಿಯಾದಳು. ಹೆಣ್ಣು ತಂದದ್ದೂ ದೊಡ್ಡ ಮನೆಯಿಂದ, ಕೊಟ್ಟದ್ದೂ ದೊಡ್ಡ ಮನೆಗೆ.

ಬೀಗರನ್ನು ಆರಿಸುವಾಗ ಬರೀ ಸೈನ್ಯ ನೋಡಬೇಡಿ. ತೀರಾ ದೂರದವನ ಸೈನ್ಯ ಬರುವ ಹೊತ್ತಿಗೆ ನಿಮ್ಮ ಕೋಟೆ ಬಿದ್ದಿರುತ್ತದೆ. ತೀರಾ ಪಕ್ಕದವನಿಗೆ ನಿಮ್ಮ ನೆಲದ ಮೇಲೇ ಆಸೆ. ನಡುವೆ ಒಂದು ರಾಜ್ಯ ಬಿಟ್ಟು ಆಚೆಗಿರುವವನು ಒಳ್ಳೆಯದು. ಯಾವಾಗ ನೋಡಿದರೂ ಯುದ್ಧದಲ್ಲೇ ಇರುವವನು ಬೇಡವೇ ಬೇಡ. ಅವನು ಕರೆದಾಗ ನೀವೂ ಹೋಗಬೇಕಾಗುತ್ತದೆ, ಅಲ್ವಾ? ಹೋಗದಿದ್ದರೆ ಮರ್ಯಾದೆಯೂ ಹೋಯಿತು, ಮೈತ್ರಿಯೂ ಮುರಿಯಿತು. ನಾನು ಮಾಡುವುದೇನೆಂದರೆ, ಬರುತ್ತೇನೆ ಎಂದು ಒಪ್ಪಿ ನಿಧಾನಕ್ಕೆ ಹೊರಡುವುದು. ಮದುವೆಗೆ ಊಟದ ಹೊತ್ತಿಗೆ ತಲುಪುವವರಿಲ್ಲವೇ, ಹಾಗೆ.

ಹೆಣ್ಣುಮಕ್ಕಳು ಮಾತ್ರ ಇದ್ದರೆ ಇನ್ನೊಂದು ಎಚ್ಚರ ಬೇಕು. ಸಾಮಾನ್ಯ ಮದುವೆಯಲ್ಲಿ ಹುಟ್ಟುವ ಮಕ್ಕಳು ಗಂಡನ ಮನೆತನಕ್ಕೆ ಸೇರುತ್ತಾರೆ. ಮೊಮ್ಮಗ ಪಟ್ಟಕ್ಕೆ ಬಂದಾಗ ಸಿಂಹಾಸನ ನಿಮ್ಮ ಮನೆತನದ ಕೈಬಿಟ್ಟಿರುತ್ತದೆ. ಮದುವೆಯ ಕಿಟಕಿಯಲ್ಲಿ ಮ್ಯಾಟ್ರಿಲೀನಿಯಲ್ ಎಂದು ಒಂದು ಆಯ್ಕೆ ಇದೆ, ಅದನ್ನು ಒತ್ತಿದರೆ ಮಕ್ಕಳು ತಾಯಿಯ ಮನೆತನದವರು. ಅಳಿಯಸಂತಾನದ ಮಾತು ಕೇಳಿ ಬೆಳೆದ ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಪೂರಾ ಅದೇ ಅಲ್ಲ, ಇಲ್ಲಿ ಪಟ್ಟ ಸೋದರಳಿಯನಿಗೆ ಹೋಗುವುದಿಲ್ಲ.

ಮಂತ್ರಿಗಳಿಗೆ ಕೆಲಸ ಕೊಡಿ

ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಖಜಾನೆ ನೋಡುವವನಿಗೆ ತೆರಿಗೆ ವಸೂಲಿ. ಗೂಢಚಾರನಿಗೆ ಮೊದಲು ನಿಮ್ಮ ಜೀವ ಕಾಯುವ ಕೆಲಸ, ಆಮೇಲೆ ಬೇರೆಯವರ ಗುಟ್ಟು ಹುಡುಕುವ ಕೆಲಸ. ದೊಡ್ಡ ರಾಜನ ಒಂದು ಗುಟ್ಟು ಕೈಗೆ ಸಿಕ್ಕಿದರೆ ಅದು ಒಂದು ತುಕಡಿ ಸೈನ್ಯಕ್ಕೆ ಸಮ. ಪುರೋಹಿತನಿಗೆ ಪಕ್ಕದ ಒಂದು ಸೀಮೆಯ ಮೇಲೆ ಹಕ್ಕುಪತ್ರ ಹುಟ್ಟಿಸಲು ಹೇಳಿ. ವರ್ಷಗಟ್ಟಲೆ ಹಿಡಿಯುತ್ತದೆ, ಹಣವೂ ಬೇಕು. ಆದರೆ ಹಕ್ಕೋ ಗೇಮ್ ಒಪ್ಪುವ ಬೇರೆ ಕಾರಣವೋ ಇಲ್ಲದೆ ಯುದ್ಧ ಸಾರಲು ಬರುವುದಿಲ್ಲ.

ಚಿನ್ನ ಬರುವುದು ನಮ್ಮ ಸುರಂಗದ ನೀರಿನ ಹಾಗೆ, ತೊಟ್ಟು ತೊಟ್ಟಾಗಿ. ಗುಡ್ಡದೊಳಗಿಂದ ಬಂದದ್ದನ್ನು ಟಾಂಕಿಯಲ್ಲಿ ನಿಲ್ಲಿಸಿಕೊಂಡವನಿಗೆ ಬೇಸಗೆಯಲ್ಲೂ ತೋಟ ಹಸಿರು. ಕೂಲಿ ಸೈನ್ಯ ಕರೆಸುವಷ್ಟು ಚಿನ್ನ ಯಾವಾಗಲೂ ಬದಿಗಿಡಿ. ಸಾಲಕ್ಕೆ ಬಿದ್ದರೆ ಸೈನಿಕರ ಬಲವೇ ಕುಗ್ಗುತ್ತದೆ.

ತಲೆ ಬಾಗಿಸುವುದು

ಅಕ್ಕನ ಮಗನಿಗೆ ಇದೊಂದು ಗಂಟಲಲ್ಲಿ ಇಳಿಯಲೇ ಇಲ್ಲ. "ಸೋತ ಹಾಗೆ ಆಯಿತಲ್ಲ ಮಾವ?" ಎಂದ.

ಇಲ್ಲ. ನಾಲ್ಕು ದಿಕ್ಕಿನಲ್ಲೂ ನಿಮಗಿಂತ ದೊಡ್ಡವರಿದ್ದಾರೆ, ಒಳ್ಳೆಯ ಬೀಗರೂ ಸಿಗಲಿಲ್ಲ ಎಂದಾದರೆ, ಅವರಲ್ಲಿ ಒಬ್ಬನಿಗೆ ನೀವಾಗಿಯೇ ಸಾಮಂತನಾಗಿ. ಅವನ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿದರೆ ಆ ಆಯ್ಕೆ ಕಾಣುತ್ತದೆ. ಅವನು ಪದವಿಯಲ್ಲಿ ನಿಮಗಿಂತ ಮೇಲಿರಬೇಕು. ಒಂದೇ ಧರ್ಮದವನಾದರೆ ಸುಲಭ. ಇನ್ನು ಹೊರಗಿನವನು ನಿಮ್ಮ ನೆಲಕ್ಕೆ ಕೈ ಹಾಕಿದರೆ ಎದುರಿಗೆ ನಿಲ್ಲಬೇಕಾದವನು ನಿಮ್ಮ ಒಡೆಯ. ನೀವು ಕೊಡುವುದು ಸ್ವಲ್ಪ ತೆರಿಗೆ, ಸ್ವಲ್ಪ ಜನ. ಯುದ್ಧದಲ್ಲಿ ಸೋತು ಸಾಮಂತನಾಗುವುದಕ್ಕಿಂತ ಇದು ಸಾವಿರ ಪಾಲು ವಾಸಿ. ನೆಲ ಅಷ್ಟೂ ನಿಮ್ಮ ಕೈಯಲ್ಲೇ ಇರುತ್ತದೆ.

ಹೊಯ್ಸಳರೂ ಹೀಗೇ ಬೆಳೆದವರು. ವಿನಯಾದಿತ್ಯ, ಎರೆಯಂಗ ಇಬ್ಬರೂ ಕಲ್ಯಾಣದ ಚಾಲುಕ್ಯರ ಸಾಮಂತರು. ವಿಷ್ಣುವರ್ಧನ 1116ರಲ್ಲಿ ಚೋಳರಿಂದ ತಲಕಾಡು ಕಿತ್ತುಕೊಂಡ. ಆಮೇಲೆ ಚಾಲುಕ್ಯರಿಂದಲೂ ಬಿಡಿಸಿಕೊಳ್ಳಲು ನೋಡಿದ, ಆರನೇ ವಿಕ್ರಮಾದಿತ್ಯ ಹಿಂದಕ್ಕೆ ತಳ್ಳಿದ. ಕೊನೆಗೆ ಪೂರಾ ಸ್ವತಂತ್ರನಾದದ್ದು 1190ರ ದಶಕದಲ್ಲಿ, ಇಮ್ಮಡಿ ಬಲ್ಲಾಳ. ಅಷ್ಟು ಹೊತ್ತಿಗೆ ಒಡೆಯರೇ ಸೋತು ಸುಣ್ಣವಾಗಿದ್ದರು.

ಗೇಮಿನಲ್ಲೂ ಆ ಹೊತ್ತಿಗೆ ಕಾಯಬೇಕು. ಒಡೆಯ ಸತ್ತು ಚಿಕ್ಕ ಹುಡುಗ ಪಟ್ಟಕ್ಕೆ ಬಂದ ದಿನ, ಅವನ ಸೈನ್ಯ ಇನ್ನೆಲ್ಲೋ ಸಿಕ್ಕಿಬಿದ್ದ ದಿನ, ಉಳಿದ ಸಾಮಂತರ ಜೊತೆ ಸ್ವಾತಂತ್ರ್ಯದ ಗುಂಪು ಸೇರಿಕೊಳ್ಳಿ. ಒಬ್ಬರೇ ಎದ್ದು ನಿಲ್ಲಬೇಡಿ.

ಯುದ್ಧ ಬಂದೇ ಬಿಟ್ಟರೆ

ಮೊದಲ ಸಲ ನಾನೇ ಸೈನ್ಯದ ಮುಂದೆ ನಿಂತು ಹೋದೆ. ರಾಜ ಅಂದ ಮೇಲೆ ಹಾಗೇ ಅಲ್ವಾ ಎಂದುಕೊಂಡಿದ್ದೆ. ಒಂದೇ ಕಾಳಗದಲ್ಲಿ ಸೆರೆ ಸಿಕ್ಕಿದೆ. ರಾಜ ಸೆರೆಯಾದರೆ ಯುದ್ಧ ಅಲ್ಲಿಗೇ ಮುಗಿದ ಲೆಕ್ಕ. ಬೇರೆ ಸೇನಾಪತಿಯನ್ನು ಕಳಿಸಿ, ನೀವು ಮನೆಯಲ್ಲಿರಿ.

ಬಯಲಲ್ಲಿ ಎದುರಿಗೆ ನಿಲ್ಲಬೇಡಿ. ಗುಡ್ಡದ ಮೇಲೆ, ಹೊಳೆಯ ಈಚೆ ದಡದಲ್ಲಿ ನಿಲ್ಲಿ. ಹೊಳೆ ದಾಟಿ ಬಂದು ಹೊಡೆಯುವವನಿಗೆ ಗೇಮ್ ಪೆಟ್ಟು ಕೊಡುತ್ತದೆ. ಚಂದ್ರಗಿರಿ ಹೊಳೆ ತುಂಬಿದ್ದನ್ನು ನೋಡಿದವರಿಗೆ, ಅದು ಯಾಕೆ ತುಳುನಾಡಿಗೂ ಕೋಲತ್ತುನಾಡಿಗೂ ಗಡಿಯಾಗಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಶತ್ರು ನಿಮ್ಮ ಕೋಟೆಗೆ ಮುತ್ತಿಗೆ ಹಾಕಿದರೆ ಓಡಿ ಹೋಗಿ ಬಿಡಿಸಲು ನೋಡಬೇಡಿ. ಬೀಗರ ಸೈನ್ಯ ಬರಲಿ, ಕೂಲಿಯವರು ಸೇರಲಿ. ಕೂಲಿ ಸೈನ್ಯಕ್ಕೆ ಮೂರು ವರ್ಷದ ಹಣ ಒಟ್ಟಿಗೆ ಕೊಡಬೇಕು, ಹಾಗಾಗಿ ತೀರಾ ಬೇಕಾದಾಗಲೇ ಕರೆಯಿರಿ. ಶತ್ರುವಿನ ಹತ್ತಿರ ಕುದುರೆ ಜಾಸ್ತಿ ಇದ್ದರೆ ನಿಮ್ಮಲ್ಲಿ ಈಟಿಯವರು ಇರಲಿ. ಹಳ್ಳಿಯಿಂದ ಎಬ್ಬಿಸಿ ತಂದ ಲೆವಿ ಜನ ಲೆಕ್ಕಕ್ಕೆ ಮಾತ್ರ.

ಒಂದು ಕಾಳಗ ಗೆದ್ದ ಕೂಡಲೇ ರಾಜಿ ಕೇಳಿ. ಯಾರಿಗೂ ಲಾಭ ಇಲ್ಲ, ನಷ್ಟ ಇಲ್ಲ ಎಂಬ ಆ ರಾಜಿ ಸಣ್ಣವನಿಗೆ ಗೆಲುವೇ. ಆಮೇಲೆ ಕೆಲವು ವರ್ಷ ಕದನವಿರಾಮ. ಆದರೆ ಅದು ಆ ರಾಜನ ಜೊತೆಗೆ ಮಾತ್ರ. ಅವನು ಸತ್ತರೆ ಮಗನಿಗೆ ಅದರ ಹಂಗಿಲ್ಲ.

ಪಾಲುಪಟ್ಟಿ

ಹೊರಗಿನವರಿಂದ ಉಳಿದ ಎಷ್ಟೋ ರಾಜ್ಯಗಳು ಮನೆಯೊಳಗೇ ಮುಗಿಯುತ್ತವೆ. ಶುರುವಿನ ಕಾಲದಲ್ಲಿ ಬಹುಪಾಲು ಕಡೆ ಕಾನೂನು ಪಾಲಿನದ್ದೇ. ಮೂರು ಗಂಡುಮಕ್ಕಳಿದ್ದರೆ ಮೂರು ಪಾಲು. ಮೂರು ಎಕರೆ ಅಡಿಕೆ ತೋಟ ಅಣ್ಣತಮ್ಮಂದಿರಲ್ಲಿ ಪಾಲಾಗಿ, ಕೊನೆಗೆ ಬಾವಿ ಒಬ್ಬನಿಗೆ, ಪಂಪು ಇನ್ನೊಬ್ಬನಿಗೆ ಆದದ್ದನ್ನು ನಾವೆಲ್ಲ ಕಂಡಿದ್ದೇವೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಕೌಂಟಿ ಎಂದರೆ ಒಂದು ಸೀಮೆ, ಹಲವು ಕೌಂಟಿ ಸೇರಿದರೆ ಡಚಿ. ನಿಮ್ಮ ಹತ್ತಿರ ಎರಡು ಡಚಿ ಪದವಿ ಇದ್ದು, ಅದರ ಮೇಲೆ ರಾಜ ಪದವಿ ಇಲ್ಲ ಎಂದಿಟ್ಟುಕೊಳ್ಳಿ. ಎರಡನೇ ಮಗ ಎರಡನೇ ಡಚಿಯನ್ನು ಹಿಡಿದುಕೊಂಡು ಸ್ವತಂತ್ರನಾಗಿ ಹೊರಟುಬಿಡುತ್ತಾನೆ. ಒಂದೇ ಡಚಿ ಇದ್ದರೆ ತಮ್ಮಂದಿರಿಗೆ ಬರೀ ಕೌಂಟಿ ಸಿಗುತ್ತದೆ, ಅವರು ಅಣ್ಣನ ಕೈಕೆಳಗೇ ಉಳಿಯುತ್ತಾರೆ. ನನ್ನ ಒಂದು ಚಂದದ ರಾಜ್ಯ ಇದೇ ಆಸೆಯಿಂದ ಹೋಯಿತು. ಇನ್ನೊಂದು ಡಚಿ ಸಿಗುತ್ತದಲ್ಲ ಎಂದು ಕೈ ಹಾಕಿದೆ. ನಾನು ಸತ್ತ ಮರುದಿನ ರಾಜ್ಯ ಎರಡು ಹೋಳು.

ಧರ್ಮ ಒಪ್ಪಿದರೆ ಸಣ್ಣ ಮಗನನ್ನು ಸನ್ಯಾಸಕ್ಕೆ ಕಳಿಸಬಹುದು. ಹಕ್ಕು ತಪ್ಪಿಸಲೂಬಹುದು, ಅದಕ್ಕೆ ಮನೆತನದ ಹೆಸರು ಖರ್ಚಾಗುತ್ತದೆ. ತಮ್ಮನ ಬೀಗರು ಯಾರೆಂದು ಮಾತ್ರ ಮರೆಯಬೇಡಿ. ಅಣ್ಣ ಎರಡನೇ ಸೋಮೇಶ್ವರನ ಎದುರು ನಿಂತ ಅದೇ ಚಾಲುಕ್ಯ ಆರನೇ ವಿಕ್ರಮಾದಿತ್ಯನಿಗೆ ಮಗಳನ್ನು ಕೊಟ್ಟವನು ಚೋಳ ವೀರರಾಜೇಂದ್ರ. ಅಣ್ಣ ಪಟ್ಟ ಕಳೆದುಕೊಂಡ, 1076ರಲ್ಲಿ ತಮ್ಮ ಪಟ್ಟವೇರಿದ.

ಅಕ್ಕನ ಮಗ ಈಗ ಐದನೇ ರಾಜ್ಯದಲ್ಲಿದ್ದಾನೆ. ಮೂರನೇ ತಲೆಮಾರು. ಇಂಗ್ಲೆಂಡಿನ ಸಾಮಂತ, ತಂಗಿಯನ್ನು ಸ್ಕಾಟ್ಲೆಂಡಿಗೆ ಕೊಟ್ಟಿದ್ದಾನೆ, ಒಂದೂ ಯುದ್ಧ ಸಾರಿಲ್ಲ. ಮೊನ್ನೆ ಒಡೆಯ ಸತ್ತು ಆರು ವರ್ಷದ ಹುಡುಗ ಪಟ್ಟಕ್ಕೆ ಬಂದ. "ಮಾವ, ಈಗಲಾ?" ಎಂದು ಕೂಗಿದ. ಅಷ್ಟರಲ್ಲಿ ಅಂಗಳದಲ್ಲಿ ಬಿಸಿಲು ಬಿದ್ದಿತ್ತು, ಮದ್ದು ಬಿಡುವವರು ದೋಟಿ ಹಿಡಿದು ಬಂದು ನಿಂತಿದ್ದರು. "ಪಾಜ್ ಮಾಡು, ಬಂದೆ" ಎಂದು ತೋಟಕ್ಕೆ ಇಳಿದೆ.