ಫೋರ್ಕ್ ಸೀಲ್ ಸೋರಿಕೆ: ನನ್ನ ಅನುಭವ

ಬೈಕಿನ ಮುಂದಿನ ಚಕ್ರವನ್ನು ಹಿಡಿದು ಕುಲುಕಾಟ ತಗ್ಗಿಸುವ ಫೋರ್ಕಿನ ಬಲಬದಿಯ ಕೊಳವೆಯ ಮೇಲೆ ಎಣ್ಣೆಯ ತೆಳು ಉಂಗುರ ಮೂಡತೊಡಗಿದಾಗ, ಅದು ಕೆಳಗಿಳಿದು ಡಿಸ್ಕ್ ಬ್ರೇಕಿನ ಪ್ಯಾಡ್‌ಗೆ ತಾಗಿದರೆ ಬ್ರೇಕೇ ಹಿಡಿಯದೆ ಹೋಗಬಹುದೆಂಬ ಆತಂಕದಿಂದ ಸೀಲ್ (ಫೋರ್ಕಿನೊಳಗಿನ ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಉಂಗುರ) ಬದಲಿಸುವ ಕೆಲಸವನ್ನು ಮನೆಯಲ್ಲೇ ಕೈಗೆತ್ತಿಕೊಂಡೆ. ಫೋರ್ಕ್ ಬಿಚ್ಚಿ ನೋಡಿದರೆ, ಸೀಲ್ ಓಡಾಡುವ ಜಾಗದಲ್ಲೇ ಕ್ರೋಮ್ ಲೇಪದ ಮೇಲೆ ಉಗುರಿಗೆ ತಡೆಯುವಂಥ ಸಣ್ಣದೊಂದು ತುಕ್ಕಿನ ಚುಕ್ಕೆಯಿತ್ತು. ಆ ಚುಕ್ಕೆಯ ಅಂಚೇ ಸೀಲಿನ ತುಟಿಯನ್ನು, ಅಂದರೆ ಕೊಳವೆಗೆ ತಾಗುವ ರಬ್ಬರಿನ ಒಳ ಅಂಚನ್ನು, ಕೊರೆದಿತ್ತು. 2000 ನಂಬರಿನ ಉಜ್ಜುಕಾಗದವನ್ನು ಎಣ್ಣೆಯಲ್ಲಿ ಅದ್ದಿ, ಉಗುರು ಸಲೀಸಾಗಿ ಜಾರುವವರೆಗೆ ಅದನ್ನು ನಯಗೊಳಿಸದಿದ್ದರೆ ಹೊಸ ಸೀಲ್ ಕೂಡ ಬೇಗನೆ ಹರಿಯುತ್ತಿತ್ತು. ಕೊಳವೆಯ ತುದಿಗೆ ಎಣ್ಣೆ ಸವರಿದ ಪ್ಲಾಸ್ಟಿಕ್ ಚೀಲ ಸುತ್ತಿ ಸೀಲನ್ನು ಇಳಿಸಿದ್ದರಿಂದ ತುಟಿಗೆ ಗಾಯವಾಗಲಿಲ್ಲ. ಎರಡೂ ಬದಿಯ ಸೀಲ್‌ಗಳನ್ನು ಒಟ್ಟಿಗೇ ಬದಲಿಸಿ, ಕೈಪಿಡಿ ಹೇಳಿದ ದರ್ಜೆಯ ಎಣ್ಣೆಯನ್ನು ಅಳೆದು ತುಂಬಿದೆ. ಈಗ ಮುಂದಿನ ಬ್ರೇಕ್ ಹಿಡಿದು ಎಷ್ಟು ಅದುಮಿದರೂ ಕೊಳವೆಯ ಮೇಲೆ ಎಣ್ಣೆಯ ಪಸೆ ಕಾಣುವುದಿಲ್ಲ.